ಗೆಳೆಯನಿಗೊಂದು ಪತ್ರ: ಜಲ್ಲಿಯ ಸೇತುವೆ

ಪ್ರೀತಿಯ ಗೆಳೆಯಾ,

ಮಕ್ಕಳನ್ನ ಕೂಡಿಸಿಕೊಂಡು ವಿಡಿಯೋ ಗೇಮ್ ಆಡ್ತಿದ್ದೀಯಂತಲ್ಲ ಅಂತ ನೀನು ಕೇಳಿದ್ದೆ. ಹೌದು ಮಾರಾಯಾ, ಅದೇ ಕೆಲಸ. ಫೋನಿನಲ್ಲಿ ಹೇಳಿ ಮುಗಿಯೋದಲ್ಲ, ಅದಕ್ಕೇ ಬರೀತಿದ್ದೇನೆ. ಎಲ್ಲರೂ ಓದಲಿ ಅಂತ ಇಲ್ಲೇ ಹಾಕ್ತಿದ್ದೇನೆ. ನಿನ್ನ ಚಾರ್ಜರ್ ಎಮ್ಮೆಗೆ ಸಿಕ್ಕ ವಿಷಯ ಮಾತ್ರ ಬರೆಯಲ್ಲ, ಹೆದರಬೇಡ.

ಮಕ್ಕಳ ಕಾರ್ಯಾಗಾರದಲ್ಲಿ ನಾವು ಆಡಿಸೋದು ಲುವಾಂಟಿ ಅನ್ನೋ ಆಟ. 2024ರ ಅಕ್ಟೋಬರ್ ತನಕ ಅದರ ಹೆಸರು ಮೈನ್‌ಟೆಸ್ಟ್ ಅಂತಿತ್ತು. ಮೈನ್‌ಕ್ರಾಫ್ಟ್ ಥರವೇ ಚೌಕದ ಮೇಲೆ ಚೌಕ ಇಟ್ಟು ಕಟ್ಟೋದು, ಆದರೆ ಪೂರ್ತಿ ಉಚಿತ. ಹಳೇ ಲ್ಯಾಪ್‌ಟಾಪಿನಲ್ಲೂ ನಡೀತದೆ. ಒಂದನ್ನ ಸರ್ವರ್ ಮಾಡಿ, ಅಂದ್ರೆ ಆಟದ ಜಗತ್ತನ್ನ ಅದರಲ್ಲಿಟ್ಟು, ಎಲ್ಲವನ್ನೂ ಒಂದೇ ರೌಟರಿಗೆ ಜೋಡಿಸಿದರೆ ಇಂಟರ್ನೆಟ್ಟೇ ಬೇಡ. ಕಾರವಾರದ ಮಳೆಗಾಲಕ್ಕೆ ಇದಕ್ಕಿಂತ ಒಳ್ಳೇದು ಸಿಗಲ್ಲ. ರೌಟರಿಗೂ ಬ್ಯಾಟರಿ ಇದ್ದರೆ, ಕರೆಂಟ್ ಹೋದರೂ ಅದು ಮುಗಿಯೋ ತನಕ ಆಟ ಇರ್ತದೆ.

ಕಾರ್ಯಾಗಾರದ ಮೊದಲ ದಿನಗಳನ್ನ ನೀನು ನೋಡಬೇಕಿತ್ತು. ಆಟದಲ್ಲಿ ಎಲ್ಲರಿಗೂ ಒಂದೇ ಜಗತ್ತು, ನಡುವೆ ಒಂದು ದೊಡ್ಡ ಪೆಟ್ಟಿಗೆ. ಕಲ್ಲು, ಮರ, ಗಾಜು ಏನು ಸಿಕ್ಕರೂ ಅದರಲ್ಲಿ ಹಾಕೋದು, ಬೇಕಾದವರು ತಗೊಳ್ಳೋದು. ಮರುಭೂಮಿಯ ಕೆಂಪು ಕಲ್ಲು ನಮ್ಮ ಚಿರೇಕಲ್ಲಿನ ಹಾಗೇ ಕಾಣ್ತದೆ ಅಂತ ಒಬ್ಬಳು ಕಂಡುಹಿಡಿದಳು. ಸಂಜೆಯೊಳಗೆ ಎಲ್ಲರ ಮನೆ ಗೋಡೆಯೂ ಕೆಂಪು!

ಆಮೇಲೆ ‘ನಮ್ಮೂರು ಕಟ್ಟೋಣ’ ಅಂತ ಸ್ಪರ್ಧೆ ಇಟ್ಟೆವು. ಮೊದಲ ಬಹುಮಾನ ಏನು ಅಂತ ಬೋರ್ಡಿನ ಮೇಲೆ ಬರೆದ ದಿನವೇ ಒಬ್ಬ ಹತ್ತಿರ ಬಂದು ಮೆಲ್ಲಗೆ ಕೇಳಿದ: “ಸರ್, ಪೆಟ್ಟಿಗೆಗೆ ಬೀಗ ಹಾಕೋದು ಹೇಗೆ?” ಹಲಗೆ ಜೊತೆ ಒಂದು ಉಕ್ಕಿನ ಗಟ್ಟಿ ಇದ್ದರೆ ಬೀಗದ ಪೆಟ್ಟಿಗೆ ಆಗ್ತದೆ. ಹೇಳಿಕೊಟ್ಟೆ. ಮರುದಿನ ನಡುವಿನ ಪೆಟ್ಟಿಗೆ ಖಾಲಿ. ಪ್ರತಿ ಮನೆ ಮುಂದೆಯೂ ಒಂದೊಂದು ಬೀಗ. ಕೋಣೆಯಲ್ಲಿ ಗಲಾಟೆಯೂ ಕಮ್ಮಿ ಆಯ್ತು. ಆ ಮೌನ ನನಗೆ ಇಷ್ಟ ಆಗಲಿಲ್ಲ ಕಣೋ.

ಆದರೆ ಕಾರವಾರದ ಕೋಡಿಬಾಗದ ಕಡೆಯ ನಾಲ್ಕು ಮಕ್ಕಳು ಬೀಗದ ಗೊಡವೆಗೇ ಹೋಗಲಿಲ್ಲ. ಅವರು ಕಟ್ಟಿದ್ದು ಕಾಳಿ ನದಿಯ ಹಳೇ ಸೇತುವೆ. 2024ರ ಆಗಸ್ಟ್ 7ರ ನಡುರಾತ್ರಿ ಒಂದು ಲಾರಿ ಸಮೇತ ಕುಸಿದು ಬಿತ್ತಲ್ಲ, ಅದೇ. ಈ ಆಟದಲ್ಲಿ ಕಲ್ಲು ಬೀಳಲ್ಲ, ಕೆಳಗೆ ಏನಿಲ್ಲದಿದ್ರೂ ಗಾಳಿಯಲ್ಲೇ ನಿಲ್ತದೆ. ಬೀಳೋದು ಮರಳು, ಜಲ್ಲಿಯಂಥವು. ಅದಕ್ಕೇ ಕಂಬ ಕಲ್ಲಿನದ್ದು, ರಸ್ತೆ ಮಾತ್ರ ಜಲ್ಲಿ, ಅದರಡಿ ಆಧಾರಕ್ಕೆ ಹಲಗೆ. ಒಬ್ಬ ಹಲಗೆ ಕಿತ್ತುಕೊಂಡು ಹೋದ ಹಾಗೆ ರಸ್ತೆ ಒಂದೊಂದೇ ಚೌಕ ನೀರಿಗೆ ಬಿತ್ತು. ಮೇಲೆ ನಿಂತಿದ್ದ ಲಾರಿ ಡ್ರೈವರ್ ಪಾತ್ರದ ಹುಡುಗಿಯೂ ಬಿದ್ದಳು. ಕೆಳಗೆ ಇಬ್ಬರು ದೋಣಿ ತಗೊಂಡು ಕಾಯ್ತಿದ್ದರು, ಅವಳ ಕಡೆ ಹುಟ್ಟು ಹಾಕಿದರು. ಅವತ್ತು ನಿಜವಾದ ಡ್ರೈವರನ್ನ ಉಳಿಸಿದ್ದೂ ಮೀನುಗಾರರೇ ಅಲ್ವಾ. ಉಳಿದ ಮಕ್ಕಳೆಲ್ಲ ಕುರ್ಚಿ ಬಿಟ್ಟು ಬಂದು ನಿಂತರು. ಇನ್ನೊಂದ್ಸಲ, ಇನ್ನೊಂದ್ಸಲ ಅಂತ ಒಂದೇ ಸಮ ಕೂಗು. ಮತ್ತೆ ಕಟ್ಟೋದಕ್ಕೆ ಜಲ್ಲಿ ಸಾಲಲಿಲ್ಲ. ಆಗ ಬೀಗದ ಪೆಟ್ಟಿಗೆಗಳು ತಾನಾಗೇ ತೆರೆದವು.

ಅಂಕದ ಹಾಳೆಯಲ್ಲಿ ‘ಕೆಲಸ ಪೂರ್ತಿಯಾಗಿದೆಯೇ’ ಅಂತ ಒಂದು ಸಾಲಿದೆ. ಬಿದ್ದ ಸೇತುವೆಗೆ ಅಲ್ಲಿ ಎಷ್ಟು ಕೊಡೋದು? ನನ್ನ ಪಾಲಿಗೆ ಆ ಕೋಣೆಯಲ್ಲಿ ಅದಕ್ಕಿಂತ ಪೂರ್ತಿಯಾದ ಕೆಲಸ ಇನ್ನೊಂದಿರಲಿಲ್ಲ. ಸ್ಪರ್ಧೆ ಬಿಟ್ಟುಬಿಡು ಅಂತ ನೀನು ಹೇಳ್ತೀಯ, ಗೊತ್ತು. ಆದರೆ ಬಹುಮಾನ ಇದೆ ಅಂದರೇನೇ ಅಪ್ಪ ಅಮ್ಮ ಕಳಿಸೋದು. ಮಕ್ಕಳು ಬರದೇ ಹೋದರೆ ಅನ್ನೋ ಭಯ ನನಗೆ ದೊಡ್ಡದು. ನನ್ನಪ್ಪ ಹೋದ ಮೇಲೆ ಶನಿವಾರ ಸಂಜೆ ಮನೇಲಿ ಕೂರೋಕಾಗಲ್ಲ ಕಣೋ. ಆ ಗಲಾಟೆ ಅವರಿಗಿಂತ ಜಾಸ್ತಿ ನನಗೇ ಬೇಕಾಗಿದೆ. ಇದನ್ನ ಇಲ್ಲಿ ಬರೀಬೇಕು ಅಂತಿರಲಿಲ್ಲ, ಬಂದುಬಿಡ್ತು.

ಇರಲಿ ಬಿಡು. ಮುಂದಿನ ಸಲ ಒಬ್ಬೊಬ್ಬರಿಗೆ ಬಹುಮಾನ ಇಲ್ಲ. ಇಡೀ ಕೋಣೆ ಸೇರಿ ಕುಮಟಾ ಹತ್ತಿರದ ಮಿರ್ಜಾನ್ ಕೋಟೆ ಕಟ್ಟೋದು, ಕೊನೆಗೆ ಎಲ್ಲರಿಗೂ ಐಸ್‌ಕ್ರೀಂ. ನಿನ್ನ ಆಫೀಸಿನಲ್ಲಿ ಮೂಲೆಗೆ ಹಾಕಿದ ಲ್ಯಾಪ್‌ಟಾಪ್ ಇದ್ದರೆ ಕೇಳಿ ನೋಡು. ಬರುವಾಗ ಹೊತ್ತುಕೊಂಡು ಬಾ, ಬಂಗಡೆ ಖರ್ಚು ನನ್ನದು. ಚಾರ್ಜರ್ ಮಾತ್ರ ಎಮ್ಮೆಗೆ ಸಿಗದ ಹಾಗೆ ತಾ.

ನಿನ್ನವ