ಅರಿಶಿನ–ಕಾಳುಮೆಣಸಿನ ಮಾತ್ರೆ: ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ‘ಅರಿಶಿನಕ್ಕೆ ಮೆಣಸು ಸೇರಿಸಿದರೆ 2000 ಪಟ್ಟು ಶಕ್ತಿ’ ಎಂಬ ಸಂದೇಶ ನಮ್ಮ ಗುಂಪಿನಲ್ಲಿ ಮತ್ತೆ ಮತ್ತೆ ಬರುತ್ತಿದೆ. ದಯವಿಟ್ಟು ಅದನ್ನು ಬೇರೆಯವರಿಗೆ ಕಳುಹಿಸಬೇಡಿ.

ಮಾತು ಪೂರ್ತಿ ಬುಡವಿಲ್ಲದ್ದೇನಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನವೇ ಅದರ ಮೂಲ. ಅರಿಶಿನದ ಕರ್ಕ್ಯುಮಿನ್ ಅಂಶವನ್ನಷ್ಟೇ 2 ಗ್ರಾಂ ನುಂಗಿದವರ ರಕ್ತದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ ಇತ್ತು. ಜೊತೆಗೆ ಮೆಣಸಿನ ಖಾರದ ಅಂಶವಾದ ಪೈಪರೀನ್ 20 ಮಿಲಿಗ್ರಾಂ ಕೊಟ್ಟಾಗ ಶೇ 2000ರಷ್ಟು ಏರಿತು. ಶೇಕಡಾ ಹೋಗಿ ಪಟ್ಟು ಆದದ್ದು ಮೊಬೈಲಿನ ಮಹಿಮೆ! ಅಲ್ಲದೆ ಅವರು ಅಳೆದದ್ದು ರಕ್ತಕ್ಕೆ ಸೇರಿದ ಪ್ರಮಾಣವನ್ನು, ಕಾಯಿಲೆ ವಾಸಿಯಾದದ್ದನ್ನಲ್ಲ.

ಯಕೃತ್ತು ಮತ್ತು ಕರುಳು ಕರ್ಕ್ಯುಮಿನ್ ಅನ್ನು ಬೇಗನೆ ಮಾರ್ಪಡಿಸಿ ಹೊರಹಾಕುತ್ತವೆ. ಪೈಪರೀನ್ ಆ ಕೆಲಸಕ್ಕೆ ಅಡ್ಡಗಾಲು ಹಾಕುತ್ತದೆ. ತೊಡಕಿರುವುದು ಇಲ್ಲೇ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ರಕ್ತದೊತ್ತಡದ ಪ್ರೊಪ್ರನೊಲಾಲ್ ಕೂಡ ಪೈಪರೀನ್ ಜೊತೆಗಿದ್ದಾಗ ರಕ್ತದಲ್ಲಿ ಹೆಚ್ಚುತ್ತವೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುವವರಂತೂ ಇನ್ನಷ್ಟು ಎಚ್ಚರವಾಗಿರಬೇಕು.

ಅಡುಗೆಯ ಅರಿಶಿನ, ಮೆಣಸಿನ ಸಾರಿಗೆ ಹೆದರಬೇಕಿಲ್ಲ. ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಶೇ 3ರ ಆಸುಪಾಸು. 2 ಗ್ರಾಂ ಸಿಗಬೇಕಾದರೆ 60 ಗ್ರಾಂಗಿಂತ ಹೆಚ್ಚು ಪುಡಿ ತಿನ್ನಬೇಕು, ಯಾರ ಮನೆಯ ಸಾರಿಗೂ ಅಷ್ಟು ಬೀಳುವುದಿಲ್ಲ. ನಾನು ಹೇಳುತ್ತಿರುವುದು ಡಬ್ಬಿಯಲ್ಲಿ ಬರುವ ಸಾಂದ್ರ ಮಾತ್ರೆಗಳ ಬಗ್ಗೆ. ಅವನ್ನು ಈಗಾಗಲೇ ತೆಗೆದುಕೊಳ್ಳುತ್ತಿರುವವರು ಡಬ್ಬಿಯನ್ನೇ ವೈದ್ಯರಿಗೆ ತೋರಿಸಿ. ನಿತ್ಯದ ಔಷಧಿಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.