ತೂಕ ಇಳಿದ ಮೇಲಲ್ಲ, ಇಳಿಸ್ತಾ ಇರುವಾಗ್ಲೇ ಭಾರ ಎತ್ತೋಕೆ ಶುರು ಮಾಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಾನು ಕೊಡಗಿನ ಸುಂಟಿಕೊಪ್ಪ ಕಡೆಯವಳು, ವಯಸ್ಸು 48, ಮನೆಗೆ ಹೊಂದ್ಕೊಂಡೇ ಸಣ್ಣ ಕಾಫಿ ತೋಟ ಇದೆ. ಪತ್ರಿಕೆಗೆ ಬರೀತಿರೋದು ಇದೇ ಮೊದಲು. ಈಗ ನಮ್ಮ ಕಡೆ ಮದುವೆಗೆ ಹೋದ್ರೂ ಸಂತೆಗೆ ಹೋದ್ರೂ ಹೆಂಗಸರ ಮಾತು ತೂಕದ ಬಗ್ಗೆನೇ, ಯಾರು ಅನ್ನ ಬಿಟ್ರು, ಯಾರು ರಾತ್ರಿ ಊಟ ಬಿಟ್ರು, ಯಾರು ದಿನಕ್ಕೆ ಎಷ್ಟು ಸಾವಿರ ಹೆಜ್ಜೆ ಹಾಕ್ತಾರೆ ಅಂತ. ಆದ್ರೆ ತೂಕದ ಜೊತೆ ಕೈಕಾಲಿನ ಬಲಾನೂ ಇಳಿದು ಹೋಗ್ತದೆ ಅನ್ನೋದನ್ನ ಮಾತ್ರ ಯಾರೂ ಹೇಳಲ್ಲ. ನಂಗೂ ಯಾರೂ ಹೇಳ್ಲಿಲ್ಲ. ಅದಕ್ಕೇ ಈ ಪತ್ರ.

ನನ್ನ ತೂಕ 84 ಕೆಜಿ ಇತ್ತು. ಮೊಣಕಾಲು ನೋವು, ಶುಗರ್ ಬಾರ್ಡರಲ್ಲಿ ಇದೆ ಅಂತ ಡಾಕ್ಟ್ರು ಹೇಳಿದ್ರು, ಹೆದರ್ಕೊಂಡು ಊಟ ಕಮ್ಮಿ ಮಾಡ್ದೆ, ಬೆಳಿಗ್ಗೆ ಸಂಜೆ ನಡೆದೆ. ಒಂದು ವರ್ಷಕ್ಕೆ 11 ಕೆಜಿ ಇಳೀತು. ಎಲ್ರೂ ಹೊಗಳಿದ್ದೇ ಹೊಗಳಿದ್ದು. ಹೋದ ಜನವರಿ ತಿಂಗಳಲ್ಲಿ ಕಣದಲ್ಲಿ ಕಾಫಿ ಹರಡಿದ್ವಿ, ಸಂಜೆ ಆಗ್ತಿದ್ದಂಗೆ ಮೋಡ ಕಟ್ತು, ಆಳುಗಳೆಲ್ಲ ಹೋಗಿಯಾಗಿತ್ತು, ಯಜಮಾನ್ರು ಕುಶಾಲನಗರಕ್ಕೆ ಹೋಗಿದ್ರು. ಹಣ್ಣು ರಾಶಿ ಹಾಕೋಷ್ಟ್ರಲ್ಲೇ ಕೈ ಸೋತು ಹೋಯ್ತು, ಆಮೇಲೆ ಟಾರ್ಪಾಲ್ ಎಳೆಯೋಕೆ ಹೋದ್ರೆ ಅದು ಜಪ್ಪಯ್ಯ ಅನ್ನಲಿಲ್ಲ, ಒಂದು ಮೂಲೆ ಹಿಡಿದು ಎರಡು ಹೆಜ್ಜೆ ಎಳೆದೆ, ಬೆರಳು ಜಾರಿತು, ಮತ್ತೆ ಹಿಡಿದೆ, ಮತ್ತೆ ಜಾರಿತು, ಕೊನೆಗೆ ಪಕ್ಕದ ಮನೆ ಹುಡುಗನ್ನ ಕೂಗಿ ಕರೀಬೇಕಾಯ್ತು. 84 ಕೆಜಿ ಇದ್ದಾಗ ಅದೇ ಟಾರ್ಪಾಲನ್ನ ನಾನೊಬ್ಳೇ ಹೊದಿಸ್ತಿದ್ದೆ. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಇಷ್ಟು ಕಷ್ಟಪಟ್ಟು ಇಳಿಸಿದ್ದು ಏನನ್ನ ಅಂತಾನೇ ಯೋಚನೆ.

ಮಾರನೇ ವಾರ ಪೇಟೆಯ ಒಂದು ಜಿಮ್ಮಿಗೆ ಹೋಗಿ ಸೇರ್ಕೊಂಡೆ. ಅಲ್ಲಿ ಹೇಳಿಕೊಡೋ ಹುಡುಗ, ಮೇಡಂ ಮೊದ್ಲು ಟ್ರೆಡ್‌ಮಿಲ್ಲಲ್ಲಿ ಫುಲ್ ತೂಕ ಇಳಿಸಿ, ಆಮೇಲೆ ವೇಟ್ಸ್ ಮಾಡೋಣ, ಈಗ್ಲೇ ಎತ್ತಿದ್ರೆ ಇರೋ ಕೊಬ್ಬೇ ಗಟ್ಟಿ ಆಗ್ಬಿಡ್ತದೆ ಅಂದ. ನಾನು ನಂಬಿದೆ. ನಾಲ್ಕು ತಿಂಗಳು ಬರೀ ನಡೆದೆ, 70ಕ್ಕೆ ಬಂತು, ಆದ್ರೆ ಮಣೆ ಮೇಲೆ ಕೂತ್ರೆ ನೆಲಕ್ಕೆ ಕೈ ಊರದೇ ಏಳೋಕೆ ಆಗ್ತಿರ್ಲಿಲ್ಲ. ಆ ಹುಡುಗನ ಮೇಲೆ ನಂಗೆ ಸಿಟ್ಟಿಲ್ಲ, ಈ ಮಾತನ್ನ ನಮ್ಮೂರಲ್ಲಿ ಓದಿದವರೂ ಹೇಳ್ತಾರೆ. ಆದ್ರೆ ಅದು ತಪ್ಪು. ಕೊಬ್ಬೇ ಬೇರೆ ಮಾಂಸಖಂಡವೇ ಬೇರೆ, ಅದು ಇದಾಗಲ್ಲ, ಇದು ಅದಾಗಲ್ಲ.

ಇದನ್ನ ಬಿಡಿಸಿ ಹೇಳಿದ್ದು ಮೈಸೂರಲ್ಲಿ ಫಿಸಿಯೋಥೆರಪಿ ಕೆಲಸ ಮಾಡೋ ನಮ್ಮಕ್ಕನ ಮಗಳು. ಚಿಕ್ಕಮ್ಮ, ನೀವು ಕಮ್ಮಿ ತಿಂದ್ರೆ ದೇಹ ಬರೀ ಕೊಬ್ಬನ್ನ ಕರಗಿಸಲ್ಲ, ಕಳ್ಕೊಂಡ ತೂಕದಲ್ಲಿ ಸುಮಾರು ಕಾಲು ಭಾಗ ಮಾಂಸಖಂಡ ಮತ್ತೆ ಕೊಬ್ಬಲ್ಲದ ಬೇರೆ ಭಾಗಾನೇ ಇರ್ತದೆ ಅಂದ್ಳು. ಅಂದ್ರೆ ನನ್ನ 14 ಕೆಜಿಯಲ್ಲಿ ಮೂರೂವರೆ ಕೆಜಿಯಷ್ಟು. ಮೊದ್ಲೇ ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ನೂರಕ್ಕೆ 3ರಿಂದ 8ರಷ್ಟು ಮಾಂಸಖಂಡ ತಾನಾಗೇ ಕರಗ್ತಾ ಹೋಗ್ತದಂತೆ, ಮುಟ್ಟು ನಿಂತ ಮೇಲೆ ಹೆಂಗಸರಿಗೆ ಮೂಳೇನೂ ಸವೀತದೆ, ಅದರ ಮೇಲೆ ನಾವು ಉಪವಾಸ ಬೇರೆ ಮಾಡಿ ಇನ್ನಷ್ಟು ಕಳ್ಕೊಳ್ತೀವಿ. ಭಾರ ಎತ್ತಿದ್ರೆ ಮಾತ್ರ ದೇಹಕ್ಕೆ ಇದು ಬೇಕಾಗಿದ್ದು, ಇದನ್ನ ಕರಗಿಸ್ಬಾರ್ದು ಅಂತ ಗೊತ್ತಾಗ್ತದೆ.

ಇದು ಅವಳ ಸ್ವಂತ ಮಾತಲ್ಲ. ಅಮೆರಿಕದಲ್ಲಿ 65 ದಾಟಿದ 160 ಜನ ದಪ್ಪ ಇರೋರನ್ನ ತಗೊಂಡು ಆರು ತಿಂಗಳು ನೋಡಿದ್ದಾರೆ, 2017ರಲ್ಲಿ ಅದರ ವರದಿ ಬಂತು. ಡಯಟ್ ಮಾಡಿ ವ್ಯಾಯಾಮ ಮಾಡಿದ ಮೂರು ಗುಂಪಿನವ್ರೂ ನೂರಕ್ಕೆ 9ರಷ್ಟು ತೂಕ ಇಳಿಸಿದ್ರು. ಆದ್ರೆ ಬರೀ ನಡಿಗೆ ಸೈಕಲ್ ಥರದ್ದು ಮಾಡಿದವ್ರು ಕೊಬ್ಬಲ್ಲದ ತೂಕವನ್ನ ನೂರಕ್ಕೆ 5ರಷ್ಟು ಕಳ್ಕೊಂಡ್ರೆ, ಭಾರ ಎತ್ತಿದವ್ರು ಕಳ್ಕೊಂಡಿದ್ದು 2 ಮಾತ್ರ, ಎರಡೂ ಮಾಡಿದವ್ರು 3. ದಿನನಿತ್ಯದ ಕೆಲಸ ಮಾಡೋ ಶಕ್ತಿಯಲ್ಲಿ ಎರಡೂ ಮಾಡಿದವ್ರೇ ಮುಂದೆ. ಅಷ್ಟು ವಯಸ್ಸಾದವ್ರೇ ತೂಕ ಇಳಿಸ್ತಾ ಇರುವಾಗ್ಲೇ ಭಾರ ಎತ್ತಿದಾರೆ ಅಂದ್ರೆ ನಾನು 48ಕ್ಕೆ ಯಾಕೆ ಕಾಯ್ಬೇಕು ಅನ್ನಿಸ್ತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರೋದೂ ಅದೇ, ವಾರಕ್ಕೆ 150 ನಿಮಿಷ ನಡಿಗೆ ಥರದ ವ್ಯಾಯಾಮದ ಜೊತೆಗೆ ಕನಿಷ್ಠ ಎರಡು ದಿನ ಮಾಂಸಖಂಡಕ್ಕೆ ಬಲ ಬರೋ ವ್ಯಾಯಾಮ. ಮೊದಲ ಅರ್ಧ ಎಲ್ರಿಗೂ ಗೊತ್ತು, ಎರಡನೇ ಅರ್ಧ ನಮ್ಮೂರಿಗೆ ಬಂದೇ ಇಲ್ಲ.

ಜೂನಲ್ಲಿ ಮಳೆ ಹಿಡಿದ ಮೇಲೆ ಮನೇಲೇ ಶುರು ಮಾಡ್ದೆ. ಸಾಮಾನು ಏನೂ ತರ್ಲಿಲ್ಲ. ಎಣ್ಣೆಯ ಐದು ಲೀಟರ್ ಕ್ಯಾನ್ ಎರಡು, ನೀರು ತುಂಬಿಸಿದ್ರೆ ಒಂದೊಂದು ಐದು ಕೆಜಿ. ಕುರ್ಚಿ ಮೇಲೆ ಕೂತು ಕೈ ಊರದೇ ಏಳೋದು, ಗೋಡೆಗೆ ಕೈ ಕೊಟ್ಟು ದಂಡ ಹೊಡೆಯೋದು, ಬೆನ್ನು ನೆಟ್ಟಗಿಟ್ಟು ಸೊಂಟದಿಂದ ಬಗ್ಗಿ ಕ್ಯಾನ್ ಎತ್ತೋದು, ಬಗ್ಗಿದ ಹಾಗೇ ಮೊಣಕೈ ಹಿಂದಕ್ಕೆ ಎಳ್ಕೊಳ್ಳೋದು, ಇಷ್ಟೇ. ಒಂದೊಂದು ಹತ್ತು ಸಲ, ಸ್ವಲ್ಪ ಸುಧಾರಿಸ್ಕೊಂಡು ಇನ್ನೊಂದು ಸುತ್ತು. ವಾರಕ್ಕೆ ಮೂರು ದಿನ, ಮಧ್ಯೆ ಒಂದೊಂದು ದಿನ ಬಿಡುವು. ಹತ್ತರಲ್ಲಿ ಕೊನೆಯ ಎರಡು ಕಷ್ಟ ಆಗ್ಬೇಕು, ಸುಲಭ ಆಯ್ತು ಅಂದ್ರೆ ಭಾರ ಜಾಸ್ತಿ ಮಾಡ್ಬೇಕು ಅಂತ ಅವಳು ಕಟ್ಟಪ್ಪಣೆ ಮಾಡಿದ್ಲು, ಹಾಗಾಗಿ ನೀರು ಹೋಗಿ ಮರಳು ಬಂತು, ಈಗ ಗೋಣಿಚೀಲಕ್ಕೆ ಕಾಫಿ ಹಾಕಿ ತಕ್ಕಡೀಲಿ ತೂಗಿ 22 ಕೆಜಿ ನೆಲದಿಂದ ಎತ್ತುತ್ತೀನಿ. ಬಿಪಿ ಇರೋರು, ಹಾರ್ಟ್ ತೊಂದ್ರೆ ಇರೋರು ಡಾಕ್ಟರನ್ನ ಕೇಳಿಯೇ ಶುರು ಮಾಡ್ಬೇಕು, ಯಾರೇ ಆದ್ರೂ ಎತ್ತುವಾಗ ಉಸಿರು ಕಟ್ಟಬಾರ್ದು.

ಇಲ್ಲಿ ಒಂದು ಮಾತು ಮುಖ್ಯ, ಇದು ಗೊತ್ತಿಲ್ದೇನೇ ತುಂಬಾ ಜನ ಬಿಟ್ಟುಬಿಡ್ತಾರೆ. ಮೊದಲ ಮೂರು ವಾರ ನನ್ನ ತೂಕ ಇಳೀಲೇ ಇಲ್ಲ, ಉಲ್ಟಾ 800 ಗ್ರಾಂ ಏರಿತು. ಅಳು ಬಂತು. ಫೋನ್ ಮಾಡಿದ್ರೆ, ಹೊಸದಾಗಿ ಕೆಲಸ ಕೊಟ್ಟಾಗ ಮಾಂಸಖಂಡ ರಿಪೇರಿ ಆಗೋಕೆ ನೀರು ಹಿಡ್ಕೊಳ್ತದೆ ಚಿಕ್ಕಮ್ಮ, ತಕ್ಕಡಿ ಬಿಟ್ಟು ಟೇಪ್ ಹಿಡೀರಿ ಅಂದ್ಳು. ಟೈಲರ್ ಟೇಪಲ್ಲಿ ಅಳತೆ ಹಾಕಿ ಬರೆದಿಟ್ಟೆ. ಜೂನಲ್ಲಿ ಸೊಂಟ 94 ಸೆಂಟಿಮೀಟರ್, ಈಗ 87. ತೂಕ ಇಳಿದಿದ್ದು ಬರೀ 4 ಕೆಜಿ, 66. ಹೆಂಗಸರಿಗೆ ಸೊಂಟ 80 ಸೆಂಟಿಮೀಟರ್ ಒಳಗಿರ್ಬೇಕು ಅಂತಾರೆ, ಅಂದ್ರೆ ನಾನಿನ್ನೂ ಇಳಿಸ್ತಾ ಇರೋಳೇ. ಆದ್ರೆ ಈ ಸಲ ಕಣದ ಟಾರ್ಪಾಲನ್ನ ಯಾರನ್ನೂ ಕರೀದೇ ಹೊದಿಸ್ತಾ ಇದೀನಿ.

ಊಟದ ವಿಷಯಾನೂ ಹೇಳ್ಬೇಕು. ನಮ್ಮಲ್ಲಿ ಭಾನುವಾರ ಹಂದಿ ಮಾಂಸದ ಪಂದಿಕರಿಯೋ ಕೋಳಿಯೋ ಆಗ್ತದೆ, ಮಿಕ್ಕ ದಿನ ಅಕ್ಕಿ ರೊಟ್ಟಿ, ಚಟ್ನಿ, ಅನ್ನ, ಸಾರು. ಡಯಟ್ ಅಂತ ಮೊದ್ಲು ಕೈ ಬಿಡೋದೇ ಮೊಟ್ಟೆ ಮಾಂಸವನ್ನ, ನಾನೂ ಅದನ್ನೇ ಮಾಡಿದ್ದು. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಲೆಕ್ಕದಲ್ಲಿ ಸಾಮಾನ್ಯ ಜನಕ್ಕೇ ಒಂದು ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು, 70 ಕೆಜಿಗೆ 58 ಗ್ರಾಂ. ತೂಕ ಇಳಿಸ್ತಾ ಭಾರ ಎತ್ತೋರಿಗೆ ಕೆಜಿಗೆ 1.2 ಗ್ರಾಂ ಆದ್ರೂ ಇರ್ಲಿ ಅಂತ ಅವಳು ಹೇಳಿದ್ಲು, ಅಂದ್ರೆ 84 ಗ್ರಾಂ. ಒಂದು ಮೊಟ್ಟೇಲಿ ಇರೋದು ಸುಮಾರು 6 ಗ್ರಾಂ, ಲೆಕ್ಕ ಹಾಕಿ ನೋಡಿ. ಈಗ ಬೆಳಿಗ್ಗೆ ಎರಡು ಮೊಟ್ಟೆ, ಮಧ್ಯಾಹ್ನ ಕಾಳು ಮೊಸರು, ರಾತ್ರಿ ಮೀನೋ ಕೋಳಿಯೋ, ಅನ್ನ ಅರ್ಧ. ಕಿಡ್ನಿ ತೊಂದ್ರೆ ಇರೋರಿಗೆ ಈ ಲೆಕ್ಕ ಬೇರೆ, ಅವ್ರು ಡಾಕ್ಟ್ರು ಹೇಳಿದ ಹಾಗೆ. ಉಪವಾಸ ಬಿದ್ದು ಭಾರ ಎತ್ತಬೇಡಿ, ವಾರಕ್ಕೆ ಅರ್ಧ ಕೆಜಿ ಇಳಿದ್ರೆ ಧಾರಾಳ ಸಾಕು. ಈಗ 2025ರಿಂದ ಮೌಂಜಾರೊ ಅಂತೆಲ್ಲ ತೂಕ ಇಳಿಸೋ ಸೂಜಿನೂ ನಮ್ಮ ದೇಶಕ್ಕೆ ಬಂದಿದೆ, ಅದನ್ನ ತಗೊಳ್ಳೋರಿಗೂ ಹಸಿವು ಸತ್ತು ಊಟ ಕಮ್ಮಿಯಾಗಿ ಮಾಂಸಖಂಡ ಹೋಗ್ತದೆ, ಅವ್ರಿಗಂತೂ ಇದು ಇನ್ನೂ ಬೇಕು.

ತೋಟದಲ್ಲಿ ಓಡಾಡ್ತೀವಲ್ಲ ಅದೇ ಸಾಕು ಅಂತ ಹೇಳೋರಿದ್ದಾರೆ. ನಿಂತ್ಕೊಂಡು ಆಳು ನೋಡೋದು, ಹಣ್ಣು ಕುಯ್ಯೋದು ಒಳ್ಳೇದೇ, ಆದ್ರೆ ಅದ್ರಲ್ಲಿ ಭಾರ ಏರ್ತಾ ಹೋಗಲ್ಲ, ಸುಸ್ತಾಗ್ತದೆ, ಬಲ ಬರಲ್ಲ. ವಾಕಿಂಗ್ ಒಂದನ್ನೇ ನಂಬ್ಕೊಳ್ಳೋಕೂ ನಮ್ಮ ಜಿಲ್ಲೇಲಿ ಆಗಲ್ಲ. ಜೂನಿಂದ ಸೆಪ್ಟೆಂಬರ್ ತನಕ ಮಳೆ, ಬೇಸಿಗೇಲಿ ಬೆಳಿಗ್ಗೆ ಐದೂವರೆಗೆ ಹೊರಟ್ರೆ ತಿರುವಿನಲ್ಲಿ ಆನೆ ನಿಂತಿರ್ತದೆ. ನಮ್ಮ ರಸ್ತೇಲೇ ಎರಡು ಸಲ ಓಡಿ ವಾಪಸ್ ಬಂದಿದೀನಿ. ಆನೆ ಇರ್ಲಿ ಮಳೆ ಇರ್ಲಿ, ಅಡುಗೆಮನೇಲಿ ಕ್ಯಾನ್ ಎತ್ತೋದನ್ನ ಯಾರೂ ತಡೆಯಲ್ಲ.

ಕೆಸರುಗದ್ದೆ ಕ್ರೀಡಾಕೂಟದಲ್ಲಿ ಹಗ್ಗ ಜಗ್ಗೋಕೆ ಸೀರೆ ಎತ್ತಿ ಕಟ್ಟಿ ಇಳಿಯೋ ಹೆಂಗಸರು ನಾವು, ಬಲ ಅನ್ನೋದು ಈ ಮಣ್ಣಿಗೆ ಹೊಸದಲ್ಲ. ಅದಕ್ಕೇ ಸಂಬಂಧಪಟ್ಟವರಿಗೆ ನಿಮ್ಮ ಪತ್ರಿಕೆ ಮೂಲಕ ಕೇಳ್ಕೊಳ್ತೀನಿ. ಶುಗರ್ ಬಿಪಿ ಕ್ಯಾಂಪ್ ಮಾಡಿದಾಗ ವಾಕಿಂಗ್ ಮಾಡಿ ಅಂತ ಹೇಳಿ ಕಳಿಸೋ ಬದಲು ಒಬ್ಬ ಫಿಸಿಯೋಥೆರಪಿಸ್ಟನ್ನ ಕೂರಿಸಿ, ಕುರ್ಚಿಯಿಂದ ಏಳೋದು, ಬೆನ್ನು ನೋಯದ ಹಾಗೆ ಭಾರ ಎತ್ತೋದು ಹತ್ತು ನಿಮಿಷ ಮಾಡಿಸಿ ತೋರಿಸ್ಲಿ. ಪಂಚಾಯಿತಿಗಳು ಬಯಲು ಜಿಮ್ ಹಾಕೋದಾದ್ರೆ ಮೇಲೊಂದು ಶೀಟ್ ಹಾಕ್ಲಿ, ಮಳೇಲಿ ತುಕ್ಕು ಹಿಡಿಯೋ ಕಬ್ಬಿಣದಿಂದ ಯಾರಿಗೂ ಉಪಯೋಗ ಇಲ್ಲ, ಹೆಂಗಸರಿಗೆ ಅಂತ ಮಧ್ಯಾಹ್ನದ ಹೊತ್ತು ಒಂದು ಗಂಟೆ ಕಾಲ ಬೇರೆ ಇಡ್ಲಿ. ನಿಮ್ಮ ಆರೋಗ್ಯ ಪುಟದಲ್ಲೂ ತೂಕ ಇಳಿಸೋದ್ರ ಬಗ್ಗೆ ಬರೆಯುವಾಗ ಚಿತ್ರ ಹಾಕಿ ಈ ನಾಲ್ಕು ವ್ಯಾಯಾಮ ತೋರಿಸಿದ್ರೆ ಕತ್ತರಿಸಿ ಗೋಡೆಗೆ ಅಂಟಿಸ್ಕೊಳ್ಳೋರು ತುಂಬಾ ಜನ ಇದ್ದಾರೆ. ಮುಂದಿನ ಕಕ್ಕಡದ, ಅಂದ್ರೆ ಜುಲೈ-ಆಗಸ್ಟ್ ಹೊತ್ತಿನ, ಮಳೆ ಹಿಡಿಯೋದ್ರೊಳಗೆ ಬಂದ್ರೆ ಒಳ್ಳೇದು, ಆಗ ಎಲ್ರೂ ಮನೇಲೇ ಇರ್ತೀವಿ.

ಇಂತಿ,
ಸುಂಟಿಕೊಪ್ಪದಿಂದ ನಿಮ್ಮ ಒಬ್ಬ ಓದುಗಳು