ಸರ್ಕಾರಿ ಸಂಸ್ಥೆಗಳು ಜಾಗ ಕೊಳ್ಳುವಾಗ ಕೊಡುವ ಬೆಲೆಗೆ ಮಿತಿ ಕೋರಿ ಮನವಿ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಕೊಡಗು ಜಿಲ್ಲೆ, ಮಡಿಕೇರಿ.

ಇವರಿಂದ,
ಮಡಿಕೇರಿ ತಾಲ್ಲೂಕಿನ ಗ್ರಾಮಸ್ಥರು.

ವಿಷಯ: ಕಸ ವಿಲೇವಾರಿ, ಸ್ಮಶಾನ, ನಿವೇಶನಕ್ಕೆಂದು ಖಾಸಗಿಯವರಿಂದ ನೇರವಾಗಿ ಜಾಗ ಖರೀದಿಸುವಾಗ ಬೆಲೆಗೆ ಮಿತಿ ಹಾಕುವ ಬಗ್ಗೆ.

ಮಾನ್ಯರೇ,

ಪಂಚಾಯಿತಿಗೆ ನಾಲ್ಕು ಕುರ್ಚಿ ಬೇಕಾದರೂ ಮೂರು ಕಡೆಯಿಂದ ಕೊಟೇಶನ್ ತರಿಸುತ್ತಾರೆ. ಎರಡು ಎಕರೆ ಜಾಗ ಬೇಕಾದಾಗ ಮಾತ್ರ ಮಾರುವವರು ಹೇಳಿದ್ದೇ ರೇಟು. ನಮ್ಮ ಹೋಬಳಿಯಲ್ಲಿ ಆಗಿದ್ದೂ ಅದೇ.

ಕಸದ ಘಟಕಕ್ಕೆಂದು ಒಂದು ಸ್ಥಳೀಯ ಸಂಸ್ಥೆ ಜಾಗ ಗೊತ್ತು ಮಾಡಿತು. ಅದರ ಪಕ್ಕದ ತೋಟ ಹಿಂದಿನ ವರ್ಷವಷ್ಟೇ ಮಾರಾಟವಾಗಿತ್ತು. ಆ ಕ್ರಯಪತ್ರದಲ್ಲಿರುವ ಎಕರೆ ಬೆಲೆಯ ಹೆಚ್ಚುಕಮ್ಮಿ ಮೂರು ಪಟ್ಟಿಗೆ ಇಲ್ಲಿ ಮಾತು ಮುಗಿದಿದೆ. ಹೋಗಲಿ, ಜಾಗವಾದರೂ ಚೆನ್ನಾಗಿದೆಯಾ ಅಂತ ನಾವು ಕೆಲವರು ಹೋಗಿ ನೋಡಿದೆವು. ರಸ್ತೆಯಿಂದ ಒಳಗೆ ಹೋಗಲು ಇರುವುದು ಕಾಫಿ ಗಿಡಗಳ ನಡುವಿನ ಕಾಲುದಾರಿ. ಕೊಡೆ ಬಿಚ್ಚಿದರೆ ಎರಡೂ ಕಡೆ ಗಿಡಕ್ಕೆ ತಾಗುತ್ತದೆ. ಅದರಲ್ಲಿ ಕಸದ ಲಾರಿ ಹೋಗುವುದು ಹೇಗೆ? ಕೆಳಗಿನ ಅರ್ಧ ಹಳೇ ಗದ್ದೆ, ಕಾಲಿಟ್ಟರೆ ಪಾದ ಮುಳುಗುತ್ತದೆ. ಮೇಲಿನ ಅರ್ಧ ಕಡಿದಾದ ಬರೆ, ಅಂದರೆ ಮಣ್ಣಿನ ದಿಬ್ಬ. 2018ರ ಆಗಸ್ಟ್‌ನ ಭೂಕುಸಿತ ಕಂಡವರು ಯಾರೂ ಅಂಥ ಬರೆಯ ಬುಡದಲ್ಲಿ ಶೆಡ್ ಕಟ್ಟುವ ಮಾತಾಡುವುದಿಲ್ಲ.

ಇಷ್ಟು ಬೆಲೆ ಯಾಕೆ ಅಂತ ಆ ಸಂಸ್ಥೆಯವರನ್ನು ಕೇಳಿದ್ದಕ್ಕೆ ಸಿಕ್ಕ ಉತ್ತರ: "ಭೂಸ್ವಾಧೀನ ಮಾಡಿದ್ರೆ ನಾಲ್ಕು ಪಟ್ಟು ಕೊಡಬೇಕಿತ್ತು, ನಾವು ಮೂರಕ್ಕೇ ಮುಗಿಸಿದ್ದೀವಿ."

ಈ ಹೋಲಿಕೆಯೇ ಸರಿಯಿಲ್ಲ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಹಳ್ಳಿಯ ಜಮೀನಿನ ಮಾರುಕಟ್ಟೆ ಬೆಲೆಯನ್ನು 1ರಿಂದ 2ರೊಳಗಿನ ಅಂಕಿಯಿಂದ ಗುಣಿಸುತ್ತಾರೆ. ಅದರ ಮೇಲೆ ಅಷ್ಟೇ ಮೊತ್ತವನ್ನು ಹೆಚ್ಚುವರಿ ಪರಿಹಾರವಾಗಿ ಸೇರಿಸುತ್ತಾರೆ. 10 ಲಕ್ಷದ ಜಾಗಕ್ಕೆ 2ರಿಂದ ಗುಣಿಸಿದರೆ 20 ಲಕ್ಷ, ಪರಿಹಾರ ಸೇರಿ 40 ಲಕ್ಷ. ಆದರೆ ಇದು ಬೇಡ ಬೇಡ ಅಂದರೂ ಜಮೀನು ಕಳೆದುಕೊಳ್ಳುವವರಿಗೆ. ಅವರ ಪರಿಹಾರದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಬಾರದು. ತಾವಾಗಿಯೇ ಮಾರಲು ಬಂದವರಿಗೆ, ಬೇಡವೆನಿಸಿದರೆ ಎದ್ದು ಹೋಗಬಹುದಾದವರಿಗೆ ಅದೇ ಲೆಕ್ಕ ಯಾಕೆ?

ಹಾಗಂತ ಗೈಡೆನ್ಸ್ ವ್ಯಾಲ್ಯೂ (ನೋಂದಣಿಗೆ ಸರ್ಕಾರ ಗೊತ್ತು ಮಾಡುವ ಕನಿಷ್ಠ ಬೆಲೆ) ಒಂದನ್ನೇ ಮಿತಿ ಮಾಡಿ ಅಂತಲೂ ನಾವು ಕೇಳುತ್ತಿಲ್ಲ. 2023ರ ಅಕ್ಟೋಬರ್‌ನಲ್ಲಿ ಅದನ್ನು ಪರಿಷ್ಕರಿಸಿದರು, ನಿಜ. ಆದರೂ ರಸ್ತೆ ಬದಿಯ ತೋಟಕ್ಕೆ ಆ ಬೆಲೆ ಹೇಳಿದರೆ ಮಾಲೀಕರು ಕಾಫಿ ಕೊಟ್ಟು ಕಳಿಸುತ್ತಾರೆ, ಅಷ್ಟೇ. ಅದಕ್ಕೇ ಸುತ್ತಲಿನ ಅದೇ ಥರದ ಜಮೀನುಗಳ ಕಳೆದ ಮೂರು ವರ್ಷದ ಕ್ರಯಪತ್ರ ತೆಗೆಸಿ. ಬೆಲೆ ಜಾಸ್ತಿ ಇರುವ ಅರ್ಧದಷ್ಟನ್ನು ಆರಿಸಿ ಸರಾಸರಿ ಹಿಡಿಯಿರಿ. ಕಾಯ್ದೆಯಲ್ಲೂ ಈ ದಾರಿ ಇದೆ. ಅದರ ಮೇಲೆ ಬೇಕಿದ್ದರೆ ಶೇ 25 ಸೇರಿಸಿ. ಅದಕ್ಕಿಂತ ಮೇಲೆ ಹೋಗಬೇಕಾದರೆ ಕಾರಣವನ್ನು ಬರೆದು, ತಮ್ಮ ಒಪ್ಪಿಗೆ ಪಡೆದೇ ಹೋಗಬೇಕು.

ಇನ್ನೊಂದು ಮಾತು. ಯೋಜನೆಯ ಸುಳಿವು ಸಿಕ್ಕ ಕೂಡಲೇ ಜಾಗ ಕೊಂಡು, ಆಮೇಲೆ ಸರ್ಕಾರಕ್ಕೇ ಮಾರುವವರಿದ್ದಾರೆ. ಹಾಗಾಗಿ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ, ಮೂರು ವರ್ಷದೊಳಗೆ ಜಾಗ ಕೈ ಬದಲಾಗಿದ್ದರೆ ಆಗಿನ ಬೆಲೆಯನ್ನು ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಜಮ್ಮಾ ಜಾಗವಾದರೆ, ಅಂದರೆ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಾಗವಾದರೆ, ಪಹಣಿಯಲ್ಲಿ ಪಟ್ಟೆದಾರರ (ಕುಟುಂಬದ ಹಿರಿಯರ) ಜೊತೆ ಒಕ್ಕದವರ, ಅಂದರೆ ಅದೇ ಮನೆತನದವರ ಹೆಸರೂ ಇರುತ್ತದೆ. ಅವರೆಲ್ಲರ ಸಹಿ ಬೀಳುವ ಮೊದಲು ಮುಂಗಡ ಕೊಡಬಾರದು. ಕೊಟ್ಟರೆ ದುಡ್ಡು ಅಲ್ಲಿ, ಜಾಗ ಕೋರ್ಟಲ್ಲಿ. ಮತ್ತೆ, ಖರೀದಿಗೆ ಮುಂಚೆ ಊರಿನ ಪೈಸಾರಿ (ಸರ್ಕಾರಿ) ಜಾಗಗಳನ್ನೂ ಒಮ್ಮೆ ಸರ್ವೆ ಮಾಡಿಸಿ ನೋಡಬೇಕು.

ಮೇಲೆ ಹೇಳಿದ ಖರೀದಿಗೆ ಇನ್ನೂ ಪೂರ್ತಿ ಹಣ ಸಂದಾಯವಾಗಿಲ್ಲ ಅಂತ ತಿಳಿದಿದ್ದೇವೆ. ಬೆಲೆ ಮತ್ತೆ ಪರಿಶೀಲಿಸುವ ತನಕ ಬಾಕಿ ಹಣ ತಡೆಹಿಡಿಯಬೇಕೆಂದು ಕೋರುತ್ತೇವೆ. ಪಕ್ಕದ ತೋಟದ ಕ್ರಯಪತ್ರದ ನಕಲು ಮತ್ತು ಕಾಲುದಾರಿಯ ಫೋಟೋಗಳನ್ನು ಲಗತ್ತಿಸಿದ್ದೇವೆ. ತಾವು ಸ್ಥಳಕ್ಕೆ ಬರುವುದಾದರೆ ಮಳೆ ಹಿಡಿಯುವ ಮೊದಲೇ ಬನ್ನಿ. ಆಮೇಲೆ ಗದ್ದೆ ಬದಿಗೆ ಇಳಿಯಲು ಆಗುವುದಿಲ್ಲ.

ಇಂತಿ ತಮ್ಮ ವಿಶ್ವಾಸಿಗಳು,
ಗ್ರಾಮಸ್ಥರು
(ಸಹಿಗಳ ಹಾಳೆ ಜೊತೆಗಿದೆ)